ದೇವರ ಭಯ ಹೋದರೆ ನೀತಿಯೂ ಹೋಗುತ್ತದೆಯೇ?

ಊರಲ್ಲಿ ಕಳ್ಳತನವಾಗಲಿ, ಮಗ ಹೆತ್ತವರನ್ನು ಬೀದಿಗೆ ತಳ್ಳಲಿ, ಜಗಲಿಯ ಮೇಲೆ ಕೂತವರ ಬಾಯಲ್ಲಿ ಕೊನೆಗೆ ಬರುವ ಮಾತು ಒಂದೇ: ‘ಜನರಿಗೆ ದೇವರ ಭಯವೇ ಇಲ್ಲದಂತಾಯಿತು.’ ಈ ಮಾತಿನ ಹಿಂದಿನ ಸಂಕಟ ನನಗೂ ಗೊತ್ತು. ಆದರೆ ಭಯವಿದ್ದರೆ ನೀತಿ ತಾನಾಗಿ ಬರುತ್ತದೆ ಎಂಬುದನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ.

ನಮ್ಮ ಚುನಾವಣೆಗಳನ್ನೇ ನೋಡಿ. ಮತದಾನದ ಹಿಂದಿನ ರಾತ್ರಿ ಮನೆಗೆ ಬರುವವರು ಬರೀ ನೋಟು ಕೊಟ್ಟು ಹೋಗುವುದಿಲ್ಲ. ಎಷ್ಟೋ ಕಡೆ ದೇವರ ಪಟ, ಅರಿಶಿನ-ಕುಂಕುಮ ಮುಂದಿಟ್ಟು ಆಣೆ ಮಾಡಿಸಿಕೊಳ್ಳುತ್ತಾರೆ. ದುಡ್ಡು ಪಡೆಯಲು ಅಳುಕದ ಕೈ ಆಣೆ ಮುರಿಯಲು ಅಳುಕುತ್ತದೆ. ‘ಏನೇ ಆದರೂ ಮನೆದೇವರ ಮೇಲೆ ಕೈಯಿಟ್ಟಿದ್ದೇವಲ್ಲ’ ಎನ್ನುತ್ತಲೇ ಹೋಗಿ, ತಮ್ಮ ಊರಿಗೆ ಒಂದು ಕೊಳವೆಬಾವಿಯನ್ನೂ ಕೊರೆಸದ ಅಭ್ಯರ್ಥಿಗೆ ಮತ ಹಾಕಿ ಬರುತ್ತಾರೆ. ದೇವರ ಭಯ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡಿದೆ. ಕೊಟ್ಟ ಮಾತು ಉಳಿದಿದೆ. ಆದರೆ ಅದು ಕೊಡಬಹುದಾದ ಮಾತೇ ಆಗಿತ್ತೇ ಎಂದು ಕೇಳುವ ಶಕ್ತಿ ಆ ಭಯಕ್ಕೆ ಇರಲಿಲ್ಲ.

ಹಾಗಾದರೆ ನೀತಿಯನ್ನು ಕೊಡುವುದು ಸಮಾಜವೇ? ಅದನ್ನೂ ಅಷ್ಟು ಸುಲಭಕ್ಕೆ ಹೇಳಲಾಗದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಹರಕೆ ಹೊತ್ತ ಹೆಂಗಸರು ವರದಾ ನದಿಯಲ್ಲಿ ಮಿಂದು, ಜಾತ್ರೆಯ ಜನಜಂಗುಳಿಯ ನಡುವೆ ಬೆತ್ತಲೆಯಾಗಿ ಗುಡಿಯವರೆಗೆ ನಡೆಯುವ ಪದ್ಧತಿಯಿತ್ತು. ಹಾಗೆ ನಡೆದವರಲ್ಲಿ ಬಹುಪಾಲು ದಲಿತ ಮತ್ತು ಹಿಂದುಳಿದ ಜಾತಿಗಳ ಬಡವರು. ಅವರನ್ನು ಹೀಗಳೆಯುವ ಹಕ್ಕು ನನಗಿಲ್ಲ; ಮೈಗೆ ಹುಷಾರಿಲ್ಲದ ಮಗುವನ್ನು ಯಾರ ಮುಂದೆ ಮಲಗಿಸಬೇಕೆಂದು ತೋಚದ ತಾಯಿ ದೇವಿಯ ಮುಂದೆ ಮಲಗಿಸುತ್ತಾಳೆ. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳ ಕಾರ್ಯಕರ್ತರು ಇದನ್ನು ತಡೆಯಲು ಅಲ್ಲಿಗೆ ಹೋದರು. ರೊಚ್ಚಿಗೆದ್ದ ಗುಂಪು ಅವರನ್ನು ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಬಂದೋಬಸ್ತಿಗೆ ಬಂದ ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಆ ದಿನ ಚಂದ್ರಗುತ್ತಿಯಲ್ಲಿ ದೇವರು ಮತ್ತು ಸಮಾಜ ಬೇರೆಬೇರೆಯಾಗಿ ನಿಂತಿರಲಿಲ್ಲ. ತಲೆತಲಾಂತರದಿಂದ ನಡೆದುಬಂದದ್ದನ್ನು ಸಮಾಜ ದೇವಿಯ ಅಪ್ಪಣೆ ಎಂದಿತು, ದೇವಿಯ ಹೆಸರಿನಲ್ಲೇ ಕೈಯೆತ್ತಿತು. ಎದುರಿಗೆ ನಿಂತವರು ಬೆರಳೆಣಿಕೆಯ ಜನ. ಅಲ್ಲಿ ಕೈಯೆತ್ತಿಸಿ ಮತ ಎಣಿಸಿದ್ದರೆ ಅವರು ಹೀನಾಯವಾಗಿ ಸೋಲುತ್ತಿದ್ದರು. ಆದರೂ ಸರಿಯಿದ್ದವರು ಅವರೇ. ಮಹಾರಾಷ್ಟ್ರದ ಮಹಾಡಿನಲ್ಲಿ ಆದದ್ದೂ ಬೇರೆಯಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದವರು, ದಲಿತರು ಮುಟ್ಟಬಾರದೆಂದು ತಡೆದಿದ್ದ ಚವದಾರ್ ಕೆರೆಯ ನೀರು ಕುಡಿದರು. ದನಕರುಗಳು ಬಾಯಿ ಹಾಕಿದರೆ ಕೆಡದ ನೀರು ಮನುಷ್ಯರು ಮುಟ್ಟಿದರೆ ಮೈಲಿಗೆಯಾಯಿತೆಂದು ಊರಿನ ಸವರ್ಣೀಯರು 108 ಮಡಕೆಗಳಲ್ಲಿ ಪಂಚಗವ್ಯ ಬೆರೆಸಿ ಕೆರೆಯನ್ನು ‘ಶುದ್ಧ’ ಮಾಡಿದರು. ಆ ಊರಿನ ಬಹುಮತದ ನೀತಿ ಅದಾಗಿತ್ತು.

ಸುಮಾರು 2400 ವರ್ಷಗಳ ಹಿಂದೆ ಅಥೆನ್ಸ್‌ನಲ್ಲಿ ಸಾಕ್ರೆಟಿಸ್ ಕೇಳಿದ ಪ್ರಶ್ನೆ ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ: ದೇವರುಗಳು ಮೆಚ್ಚಿದ್ದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿದ್ದರಿಂದ ದೇವರುಗಳು ಮೆಚ್ಚಿದರೋ? ಪ್ರಶ್ನೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಅದು ಹುಟ್ಟಿದ ಸಂದರ್ಭವನ್ನು ಮರೆತಿದ್ದಾರೆ. ಯೂಥಿಫ್ರೋ ಎಂಬಾತನ ತಂದೆಯ ಜಮೀನಿನಲ್ಲಿ ಕೂಲಿಯವನೊಬ್ಬ ಕುಡಿದ ಅಮಲಿನಲ್ಲಿ ಮನೆಯ ಗುಲಾಮನನ್ನು ಕೊಂದ. ಒಡೆಯ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ನೂಕಿ, ಮುಂದೇನು ಮಾಡಬೇಕೆಂದು ಧರ್ಮ ಬಲ್ಲವರನ್ನು ಕೇಳಿಕೊಂಡು ಬರಲು ಅಥೆನ್ಸಿಗೆ ಆಳು ಕಳಿಸಿದ. ಹೋದವನು ಹಿಂದಿರುಗುವಷ್ಟರಲ್ಲಿ ಕೂಲಿಯವನು ಹಸಿವಿನಿಂದ, ಚಳಿಯಿಂದ ಸತ್ತಿದ್ದ. ಇದಕ್ಕಾಗಿ ತಂದೆಯ ಮೇಲೆಯೇ ಮೊಕದ್ದಮೆ ಹೂಡಿದ ಮಗನನ್ನು ಮನೆಯವರು ಪಾಪಿ ಎಂದರು. ತಾನು ಮಾಡುತ್ತಿರುವುದೇ ಧರ್ಮ ಎಂದ ಆ ಮಗನಿಗೆ ಸಾಕ್ರೆಟಿಸ್ ಹಾಕಿದ ಪ್ರಶ್ನೆ ಅದು.

ಸಾಕ್ರೆಟಿಸನ ತರ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವವನು ಆ ಕೂಲಿಯವನು. ಅವನು ಕೊಲೆಗಾರ, ನಿಜ. ಆದರೆ ಚಳಿಯಲ್ಲಿ ನಡುಗುತ್ತಿರುವವನಿಗೆ ಒಂದು ಹೊದಿಕೆ, ಒಂದು ತುತ್ತು ಅನ್ನ ಕೊಡಲು ಯಾವ ಧರ್ಮಾಧಿಕಾರಿಯ ಅಪ್ಪಣೆ ಬೇಕಿತ್ತು? ಹಳ್ಳದ ಪಕ್ಕ ಹಾದುಹೋದ ಯಾರಿಗಾದರೂ ಆ ನರಳಾಟವೇ ಸಾಕಿತ್ತು. ನೀತಿಯ ಬೇರು ಅಲ್ಲಿದೆ ಎಂದು ನಾನು ನಂಬುತ್ತೇನೆ. ಒಬ್ಬರನ್ನೊಬ್ಬರು ಬಿಟ್ಟು ಬದುಕಲಾರದ ಜೀವಿಗಳಾದ ನಮಗೆ ಇನ್ನೊಬ್ಬರ ನೋವು ತಟ್ಟುತ್ತದೆ. ಆ ಅರಿವು ನಾಲ್ಕು ಜನರ ನಡುವೆ ಬಾಳಿಯೇ ಬರುವಂಥದ್ದು, ಹಾಗಾಗಿ ಅದು ಮನುಷ್ಯರದೇ. ಆದರೆ ಸಮಾಜ ಅದನ್ನು ಬೆಳೆಸುವಷ್ಟೇ ಸಲೀಸಾಗಿ ಜಾತಿ, ಲಿಂಗ, ಮಡಿ ಎಂದು ಬೇಲಿ ಹಾಕಿ ಕೆಲವರನ್ನು ಹೊರಗಿಡುತ್ತದೆ. ಬೇಲಿಯಾಚೆಗಿನವರು ‘ನಮಗೂ ನೋಯುತ್ತದೆ’ ಎಂದು ಎದ್ದು ನಿಂತಾಗಲೆಲ್ಲ ನೀತಿ ಒಂದು ಹೆಜ್ಜೆ ಮುಂದೆ ಹೋಗಿದೆ.

ಆಸ್ತಿಕ ಗೆಳೆಯರು ಇಲ್ಲಿ ನನ್ನನ್ನು ತಡೆಯುತ್ತಾರೆ, ತಡೆಯಲೂಬೇಕು. ಎದ್ದು ನಿಂತವರಲ್ಲಿ ದೈವಭಕ್ತರೂ ಇದ್ದರಲ್ಲ ಎನ್ನುತ್ತಾರೆ. ಖಂಡಿತ ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದ ಮಧುವರಸ ಮಗಳನ್ನು ಕೊಟ್ಟದ್ದು, ಶಿವನಲ್ಲಿ ನಂಬಿಕೆ ಇಟ್ಟ ಶರಣರೆಲ್ಲ ಒಂದೇ ಎಂಬ ಧೈರ್ಯದಿಂದ. ಆ ಶ್ರದ್ಧೆಯ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅವರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಕೊಡಿಸಿದವರ ಬಾಯಲ್ಲಿ ಇದ್ದದ್ದೂ ಧರ್ಮದ ಮಾತೇ. ವರ್ಣ ಕೆಟ್ಟಿತು, ಶಾಸ್ತ್ರ ಕೆಟ್ಟಿತು ಎಂದೇ ಅವರು ಕೂಗಾಡಿದ್ದು. ಎರಡು ಕಡೆಯವರೂ ದೇವರನ್ನು ಮುಂದಿಟ್ಟುಕೊಂಡು ಮಾತಾಡಿದ ಮೇಲೆ, ಹರಳಯ್ಯ-ಮಧುವರಸರ ಕಡೆ ನ್ಯಾಯವಿತ್ತೆಂದು ನೀವು, ನಾನು ಇಬ್ಬರೂ ಒಂದಿಷ್ಟೂ ತಡವರಿಸದೆ ಹೇಳುತ್ತೇವಲ್ಲ, ಅದನ್ನು ಯಾವುದರಿಂದ ಅಳೆದೆವು? ನಂಬುವ ಗೆಳೆಯರಿಂದ ನಾನು ಬಯಸುವುದು ಈ ಪ್ರಶ್ನೆಗೆ ಉತ್ತರವನ್ನು.