ಅತ್ತೆಯ ಮುಖಕ್ಕೊಂದು ಕಟ್

ಅಕ್ಕನ ಮಗಳ ನಿಶ್ಚಿತಾರ್ಥದ ವಿಡಿಯೊ ನಾನೇ ಎಡಿಟ್ ಮಾಡ್ತೀನಿ ಅಂತ ಬಾಯಿಬಿಟ್ಟದ್ದು ಹೋಳಿಗೆ ಊಟದ ಮಂಪರಿನಲ್ಲಿ. ವಿಡಿಯೊದವರಿಗೆ ಕೊಟ್ಟರೆ ಹುಡುಗ-ಹುಡುಗಿ ಹೃದಯದ ಆಕಾರದೊಳಗಿಂದ ಹೊರಟು, ಗುಲಾಬಿಯೊಳಗೆ ಹೊಕ್ಕು, ತಾಜಮಹಲಿನ ಮುಂದೆ ಗಿರಗಿರ ತಿರುಗುತ್ತಾರೆ. ನನ್ನದು ಸರಳ ಸಿದ್ಧಾಂತ: ಶಾಟ್‌ನಿಂದ ಶಾಟ್‌ಗೆ ನೇರ ಕಟ್, ಹೊತ್ತು ಸರಿದದ್ದು ತೋರಿಸಲು ಮಾತ್ರ ಒಂದರೊಳಗೊಂದು ಕರಗುವ ಡಿಸಾಲ್ವ್.

ಸಿದ್ಧಾಂತ ಕೈಕೊಟ್ಟದ್ದು ಸೀರೆ ಕೊಡುವ ಜಾಗದಲ್ಲಿ. ಅಲ್ಲಿ ನನ್ನ ಫೋನು ಅಲುಗಿ ಮೂರು ಸೆಕೆಂಡು ಬರೀ ಫ್ಯಾನು. ಅಷ್ಟನ್ನು ಕತ್ತರಿಸಿ ಅಂಟಿಸಿದೆ. ಬೀಗಿತ್ತಿ ತಟ್ಟೆ ಸಮೇತ ಟಕ್ಕನೆ ಒಂದಡಿ ಪಕ್ಕಕ್ಕೆ ಎಗರಿದರು. ಇದಕ್ಕೆ ಜಂಪ್ ಕಟ್ ಅನ್ನುತ್ತಾರೆ. ಫ್ರೆಂಚ್ ಸಿನಿಮಾ ನಿರ್ದೇಶಕ ಗೊದಾರ್ ತನ್ನ ಮೊದಲ ಕಥಾಚಿತ್ರದಲ್ಲಿ, 1960ರಲ್ಲಿ, ಇದನ್ನೇ ಮಾಡಿ ಜಗತ್ಪ್ರಸಿದ್ಧನಾದ. ನಾನು ಮಾಡಿದ್ದಕ್ಕೆ ಅಕ್ಕ, "ಫೋನ್ ಹ್ಯಾಂಗ್ ಆಯ್ತೇನೋ?" ಅಂದಳು.

ಎಗರಾಟ ಮುಚ್ಚಲು ನಡುವೆ ಬೇರೇನಾದರೂ ತೋರಿಸಬೇಕು. ಸಿಕ್ಕಿದ್ದು ಅತ್ತೆಯ ಮುಖ. ಮೂರೇ ಸೆಕೆಂಡು. ಹಾಕಿ, ಗ್ರೂಪಿಗೆ ಕಳಿಸಿ ಮಲಗಿದೆ.

ಬೆಳಗ್ಗೆ ಸಾಗರದಿಂದ ಅತ್ತೆಯ ಫೋನು. "ಏನೋ, ಅವರ ಸೀರೆ ನೋಡಿ ನಾನು ಮೂತಿ ತಿರುವಿದ್ನೇನೋ? ಬೀಗಿತ್ತಿ ಬೇಜಾರು ಮಾಡ್ಕೊಂಡಿದಾರಂತೆ!"

ಪಾಪ, ಅತ್ತೆ ನೋಡುತ್ತಿದ್ದದ್ದು ಅಡುಗೆಮನೆ ಬಾಗಿಲನ್ನು, ಬರದ ಕಾಫಿಗಾಗಿ. ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಬೇಕೆಂದೇ ಮಾಡಿದ್ದು ನನ್ನ ಕೈಯಲ್ಲಿ ಬೇಡದೆ ಆಗಿತ್ತು. ಆತ ಮೊಝುಖಿನ್ ಎಂಬ ನಟನ ಒಂದೇ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದ. ಒಂದರಲ್ಲಿ ಹಸಿವು, ಇನ್ನೊಂದರಲ್ಲಿ ದುಃಖ, ಆಹಾ ಏನು ನಟನೆ ಅಂದರಂತೆ ಜನ! ಇದನ್ನು ಅತ್ತೆಗೆ ವಿವರಿಸಿದೆ. "ನನ್ನನ್ನ ಹೆಣದ ಪಕ್ಕ ಕೂರಿಸ್ತೀಯಾ?" ಅಂದರು.

ಸರಿ, ಅದೇ ಮುಖವನ್ನು ಹೋಳಿಗೆ ಬಡಿಸುವಲ್ಲಿಗೆ ಸಾಗಿಸಿದೆ. ಡಯಾಬಿಟಿಸ್ ಇರುವ ಅತ್ತೆ ಆಸೆಬುರುಕಿಯಂತೆ ಕಂಡರು. ಹುಡುಗನ ಪಕ್ಕ ಇಟ್ಟೆ; ಸಂಬಂಧವೇ ಒಪ್ಪಿಗೆಯಿಲ್ಲದಂತೆ ಕಂಡರು. ಕೊನೆಗೆ ಡಿಸಾಲ್ವ್ ಹಾಕಿದೆ. ಮುಂದಿನ ಶಾಟ್‌ನಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಅಜ್ಜನ ಫೋಟೊ ಇರುವುದು ಮರೆತಿತ್ತು. ಅತ್ತೆ ನಿಧಾನವಾಗಿ ಆ ಹಾರದೊಳಗೆ ಲೀನವಾದರು. ಇದನ್ನು ಯಾರಿಗೂ ಕಳಿಸಲಿಲ್ಲ.

ಬೇಸತ್ತು ಆ ಮೂರು ಸೆಕೆಂಡನ್ನೇ ಅಳಿಸಿ, ಬೀಗಿತ್ತಿ ಎಗರಿದರೆ ಎಗರಲಿ ಅಂತ ಕಳಿಸಿಬಿಟ್ಟೆ. ಆದರೆ ಈ ಆ್ಯಪ್‌ನಲ್ಲಿ ಚಿತ್ರಕ್ಕೊಂದು ಟ್ರ್ಯಾಕು, ಶಬ್ದಕ್ಕೊಂದು ಟ್ರ್ಯಾಕು. ಹಿಂದಿನ ಶಾಟ್‌ನ ಮಾತು ಮುಂದಿನ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್ ಅನ್ನುತ್ತಾರೆ, ಬಲ್ಲವರು ಬೇಕೆಂದೇ ಮಾಡುತ್ತಾರೆ. ನಾನು ಅಳಿಸಿದ್ದು ಚಿತ್ರವನ್ನಷ್ಟೇ. ಈಗ ಪುರೋಹಿತರು ಲಗ್ನಪತ್ರಿಕೆ ಬಿಡಿಸಿ ಗಂಭೀರವಾಗಿ ಬಾಯಿ ತೆರೆಯುತ್ತಾರೆ. ಅಲ್ಲಿಂದ ಅತ್ತೆಯ ದನಿ ಹೊರಡುತ್ತದೆ:

"ಇಷ್ಟೊತ್ತಾದ್ರೂ ಒಂದು ಲೋಟ ಕಾಫಿಗೆ ಗತಿಯಿಲ್ವೇನೇ ಈ ಮನೇಲಿ?"