ಹಲಸಿನ ಕೊಂಬೆಗೆ ಎಂಜಿನ್ ಕಟ್ಟಬೇಡಿ ಮಾರಾಯ್ರೇ

"ಹಲಸಿನ ಕೊಂಬೆ ಗಟ್ಟಿ ಇದೆ, ಅದಕ್ಕೇ ಕಟ್ಟಿ ಎತ್ತಿದರಾಯ್ತು."

ಪಿಕಪ್ ಎಂಜಿನ್ ಇಳಿಸುವ ವಿಷಯ ಬಂದಾಗ ನಮ್ಮ ಮಲೆನಾಡಿನ ಕಡೆ ಒಬ್ಬರಾದರೂ ಈ ಮಾತು ಹೇಳದೆ ಇರುವುದಿಲ್ಲ. ಹೇಳುವವರು ದಡ್ಡರೇನಲ್ಲ. ಅವರ ಅಪ್ಪ ಹಾಗೇ ಮಾಡಿದ್ದರು, ಪಕ್ಕದ ಮನೆಯವರೂ ಹಾಗೇ ಮಾಡಿದ್ದರು, ಯಾರಿಗೂ ಏನೂ ಆಗಲಿಲ್ಲ. ಏನಾದರೂ ಆದವರು ಬಂದು ಸಲಹೆ ಕೊಡುವುದಿಲ್ಲವಲ್ಲ, ಅಲ್ಲೇ ಇರುವುದು ತೊಂದರೆ.

ಮನೆಯಲ್ಲಿ ಎಂಜಿನ್ ಇಳಿಸುವುದಕ್ಕೆ ನನ್ನ ವಿರೋಧ ಇಲ್ಲ. ತೋಟದ ಮನೆಯಿಂದ ಪೇಟೆ ದೂರ. ಓಡದ ಗಾಡಿಯನ್ನು ಎಳೆಸಿಕೊಂಡು ಹೋಗುವ ಬಾಡಿಗೆಯೇ ಒಂದು ಹೊರೆ. ಗ್ಯಾರೇಜಿನಲ್ಲಿ ನಮ್ಮ ಸರದಿ ಬರುವವರೆಗೆ ಗಾಡಿ ಮಳೆಯಲ್ಲಿ ನೆನೆಯಬೇಕು. ಅದರ ಬದಲು ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ, ಅಂಗಳದಲ್ಲೇ ಎಂಜಿನ್ ಇಳಿಸಿ, ಬ್ಲಾಕು, ಹೆಡ್ಡು, ಕ್ರ್ಯಾಂಕು ಮಾತ್ರ ಇನ್ನೊಂದು ಗಾಡಿಯಲ್ಲಿ ಲೇತಿಗೆ ಕಳಿಸುವುದು ಒಳ್ಳೆಯ ಲೆಕ್ಕ. ನಮ್ಮ ಮನೆಯಲ್ಲೂ ಹಾಗೇ ಮಾಡಿಸಿದ್ದೇವೆ. ಯಾವ ಭಾಗ ಸವೆದಿದೆ, ಯಾವುದು ಸುಮ್ನೆ ಬದಲಾಯಿಸುತ್ತಿದ್ದಾರೆ ಅನ್ನುವುದು ಕಣ್ಣೆದುರೇ ಇರುತ್ತದೆ.

ನನ್ನ ತಕರಾರು ಒಂದೇ. ಹೊಳೆಯುವ ಸ್ಪ್ಯಾನರ್ ಸೆಟ್ಟಿಗೆ ದುಡ್ಡು ಹಾಕುತ್ತೇವೆ. ಎಂಜಿನ್ ಯಾವುದಕ್ಕೆ ನೇತಾಡುತ್ತದೆ ಅನ್ನುವಲ್ಲಿ ಮಾತ್ರ ಮನೆಯಲ್ಲಿದ್ದ ಹಗ್ಗದಲ್ಲೇ ಕೆಲಸ ಮುಗಿಸಲು ನೋಡುತ್ತೇವೆ.

ಭಾರದ ಅಂದಾಜು ನಮಗೆ ಸರಿಯಾಗಿ ಇರುವುದಿಲ್ಲ. ಬೊಲೆರೊ ಪಿಕಪ್‌ನಲ್ಲಿ ಬರುವ 2523 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ ತಗೊಳ್ಳಿ. ಬಾನೆಟ್ ಎತ್ತಿ ನೋಡಿದರೆ ಅಷ್ಟು ದೊಡ್ಡದೇನೂ ಕಾಣುವುದಿಲ್ಲ. ಆದರೆ ಎರಡು ಕ್ವಿಂಟಾಲಿಗಿಂತ ಕಡಿಮೆ ಅಂತ ಲೆಕ್ಕ ಹಾಕಲೇಬೇಡಿ, ಗೇರ್‌ಬಾಕ್ಸ್ ಬೇರೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಒತ್ತಡ ತಡೆಯೋಕೆ ದಪ್ಪ ಬೀಡುಕಬ್ಬಿಣದ ಬ್ಲಾಕು, ದಪ್ಪ ಕ್ರ್ಯಾಂಕು, ದೊಡ್ಡ ಫ್ಲೈವೀಲು ಬೇಕು. ಆದ್ದರಿಂದ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿದ ಅನುಭವ ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದವರ ವಿಡಿಯೋ ನೋಡಿ ಧೈರ್ಯ ತಂದುಕೊಳ್ಳುವವರೂ ಇದ್ದಾರೆ. ಅಲ್ಲಿ ಡಾಡ್ಜ್ ಪಿಕಪ್‌ನಿಂದ ಕಮ್ಮಿನ್ಸ್ ಎಂಜಿನ್ ಇಳಿಸುವ ವಿಡಿಯೋಗಳು ರಾಶಿ ರಾಶಿ ಸಿಗುತ್ತವೆ. ತಮಾಷೆ ಅಂದರೆ ಅದು ನಮಗೆ ಗೊತ್ತಿಲ್ಲದ ಎಂಜಿನ್ ಅಲ್ಲ. 1989ರ ಮಾಡೆಲ್‌ನಿಂದ ಡಾಡ್ಜ್ ಪಿಕಪ್‌ಗೆ ಬಂದ ಆ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನ ಬಳಗವೇ ಜಮ್ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆಯಿಂದ ನಮ್ಮ ಟಾಟಾ 1613 ಲಾರಿಗೂ ಬಂತು. ನಾವು ಮರದ ದಿಮ್ಮಿ ಹೇರುವ ಲಾರಿಯಲ್ಲಿ ನೋಡಿದ್ದನ್ನು ಅವರು ಪಿಕಪ್‌ನಲ್ಲಿ ಕೂರಿಸಿಕೊಂಡಿದ್ದಾರೆ. ಹೆಚ್ಚುಕಡಿಮೆ ಅರ್ಧ ಟನ್ ತೂಕ. ಅಂದರೆ ಹತ್ತು ಮೂಟೆ ಸಿಮೆಂಟು, ಅದೂ ಒಂದೇ ಕೊಕ್ಕೆಯಲ್ಲಿ!

ಆ ವಿಡಿಯೋಗಳಲ್ಲಿ ಬರುವ ಚಕ್ರದ ಕ್ರೇನ್ ಇದೆಯಲ್ಲ, ಅದರದ್ದೂ ಒಂದು ಕಥೆ. ಮೇಲೆ "2 ಟನ್" ಅಂತ ಬರೆದಿರುತ್ತದೆ. ಆ ಎರಡು ಟನ್ ಅದರ ಕೈಯನ್ನು ಪೂರ್ತಿ ಒಳಗೆ ಎಳೆದುಕೊಂಡಾಗ ಮಾತ್ರ. ಕೈ ಹೊರಗೆ ಚಾಚಿದ ಹಾಗೆ ಅದರ ತಾಕತ್ತು ಇಳಿಯುತ್ತಾ ಹೋಗುತ್ತದೆ. ಕೊನೆಯ ತೂತಿಗೆ ಪಿನ್ ಹಾಕಿದರೆ ಸಾಮಾನ್ಯವಾಗಿ ಅರ್ಧ ಟನ್ ಅಷ್ಟೇ. ಪಿಕಪ್‌ನ ಉದ್ದ ಮೂತಿ ದಾಟಿ ಎಂಜಿನ್ ಮೇಲೆ ಕೊಕ್ಕೆ ಬರಬೇಕು ಅಂದರೆ ಕೈಯನ್ನು ಪೂರ್ತಿ ಚಾಚಲೇಬೇಕು. ಹಾಗಾಗಿ ಆ ಕಮ್ಮಿನ್ಸಿಗೆ ಎರಡು ಟನ್ನಿನ ಕ್ರೇನ್ ಸಾಕಾಗೋದೇ ಅನುಮಾನ. ತಿಳಿದವರು ಮುಂದಿನ ಗ್ರಿಲ್ಲು, ರೇಡಿಯೇಟರು, ಅದರ ಚೌಕಟ್ಟು ಎಲ್ಲ ಬಿಚ್ಚಿ ಕ್ರೇನನ್ನು ಹತ್ತಿರ ತರುತ್ತಾರೆ. ಸೋಮಾರಿಗಳು ಕೈ ಚಾಚುತ್ತಾರೆ. ಇನ್ನೊಂದು, ಅವರ ಕೆಳಗೆ ಕಾಂಕ್ರೀಟ್ ನೆಲ ಇರುತ್ತದೆ. ನಮ್ಮ ಅಂಗಳದ ಮಣ್ಣಿನಲ್ಲಿ ಆ ಸಣ್ಣ ಚಕ್ರಗಳು ಒಂದಿಂಚೂ ಉರುಳುವುದಿಲ್ಲ.

ಹಾಗಾದರೆ ಮರ? ಕೊಂಬೆ ಬುಡದ ಹತ್ತಿರ ಗಟ್ಟಿ ಇರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿಗೆ ಗಾಡಿ ನುಗ್ಗುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಸಿಗುವಲ್ಲಿಗೆ ಬಂದರೆ ಕೊಂಬೆ ತೆಳ್ಳಗಾಗಿರುತ್ತದೆ, ಜೊತೆಗೆ ಬುಡದಿಂದ ದೂರ ಹೋದಷ್ಟೂ ಬುಡಕ್ಕೆ ಬೀಳುವ ಎಳೆತ ಜಾಸ್ತಿ. ಒಳಗೆ ಪೊಳ್ಳಾಗಿದ್ದರೆ ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ, ಭಾರ ಯಾವತ್ತೂ ನಿಧಾನವಾಗಿ ಬೀಳುವುದಿಲ್ಲ. ಎಂಜಿನ್ನನ್ನು ಚಾಸಿಗೆ ಹಿಡಿದಿರುವ ತುಕ್ಕು ಹಿಡಿದ ಮೌಂಟಿಂಗ್ ಬೋಲ್ಟಿಗೆ ಟಾಮಿ ಬಾರ್ (ಉದ್ದ ಕಬ್ಬಿಣದ ಹಿಡಿ) ಹಾಕಿ ಒದ್ದಾಡುತ್ತಿರುತ್ತೇವೆ. ಅದು ಥಟ್ ಅಂತ ಬಿಡುತ್ತದೆ, ಎಂಜಿನ್ ಒಮ್ಮೆಲೇ ಕೊಕ್ಕೆಗೆ ಬೀಳುತ್ತದೆ. ಒಮ್ಮೆಲೇ ಬಿದ್ದ ಭಾರ ಆ ಕ್ಷಣಕ್ಕೆ ದುಪ್ಪಟ್ಟು ಎಳೆಯುತ್ತದೆ, ಚೈನ್ ಸಡಿಲ ಇದ್ದರೆ ಅದಕ್ಕೂ ಜಾಸ್ತಿ. ಎರಡೂವರೆ ಕ್ವಿಂಟಾಲ್ ಐದು ಕ್ವಿಂಟಾಲ್ ಆಗುವುದು ಹೀಗೆ. ಕೊಟ್ಟಿಗೆಯ ತೊಲೆಗೆ ಕಟ್ಟುವವರಿಗೂ ಇದೇ ಮಾತು. ಆ ತೊಲೆಯನ್ನು ಹೆಂಚಿನ ಭಾರಕ್ಕೆ ಅಂತ ಇಟ್ಟದ್ದು, ಆ ಭಾರ ಇಡೀ ಮಾಡಿಗೆ ಹರಡಿರುತ್ತದೆ. ತಾರಸಿಯಲ್ಲಿ ತೊಟ್ಟಿಲಿಗೆ ಅಂತ ಬಿಟ್ಟ ಕೊಂಡಿಯನ್ನು ತೋರಿಸಿದವರೂ ಇದ್ದಾರೆ. ಏನು ಹೇಳೋಣ!

ಈಗ ಹೊಸದಾಗಿ ಜೆಸಿಬಿ ಬಂದಿದೆ. ಬಾವಿ ತೋಡಲು ಬಂದದ್ದನ್ನೇ ಕರೆದು "ಸ್ವಲ್ಪ ಎತ್ತಿಕೊಡಿ ಅಣ್ಣಾ" ಅನ್ನುವುದು. ತಾಕತ್ತಿಗೇನೂ ಕೊರತೆ ಇಲ್ಲ. ಆದರೆ ಬಕೆಟ್ಟಿನ ಹಲ್ಲಿಗೆ ಚೈನ್ ಸಿಕ್ಕಿಸುತ್ತಾರೆ. ಬಕೆಟ್ ಕೊಂಚ ತಿರುಗಿದರೆ ಚೈನ್ ಜಾರುತ್ತದೆ. ಮತ್ತೆ ಎಂಜಿನ್ ಕೆಲಸ ಇರುವುದೇ ನೂಲೆಳೆಯಷ್ಟು ಎತ್ತಿ ನಿಲ್ಲಿಸುವುದರಲ್ಲಿ. ಲಿವರ್ ಮುಟ್ಟಿದರೆ ಅಡಿಗಟ್ಟಲೆ ಹೋಗುವ ಯಂತ್ರದಿಂದ ಅದು ಆಗುವಂಥದ್ದಲ್ಲ.

ಎಲ್ಲಿ ಆ ಸೂಕ್ಷ್ಮ ಬೇಕು ಅಂತ ಹೇಳುತ್ತೇನೆ. ಬ್ಯಾಟರಿ ಬಿಚ್ಚಿಯಾಗಿದೆ, ರೇಡಿಯೇಟರ್ ಹೊರಗೆ ಬಂದಿದೆ, ವೈರುಗಳ ಫೋಟೋ ಮೊಬೈಲಿನಲ್ಲಿದೆ. ಇನ್ನು ಗೇರ್‌ಬಾಕ್ಸ್ ಗಾಡಿಯಲ್ಲೇ ಬಿಟ್ಟು ಎಂಜಿನ್ ಮಾತ್ರ ಬರಬೇಕು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ, ಅಂದರೆ ಬೆಲ್ ಹೌಸಿಂಗ್‌ನ ಮೇಲಿನ ಬೋಲ್ಟುಗಳು ಕಣ್ಣಿಗೆ ಕಾಣುವುದಿಲ್ಲ, ಉದ್ದ ಎಕ್ಸ್‌ಟೆನ್ಷನ್ ಹಾಕಿ ಬೆರಳಂದಾಜಿನಲ್ಲೇ ಹುಡುಕಬೇಕು. ಅವು ಬಂದ ಮೇಲೂ ಗೇರ್‌ಬಾಕ್ಸ್‌ನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಕೂತಿರುತ್ತದೆ. ಗೇರ್‌ಬಾಕ್ಸ್ ಕೆಳಗೆ ಜ್ಯಾಕ್ ಕೊಟ್ಟು ಅದನ್ನು ಎತ್ತರ ಬದಲಾಗದಂತೆ ನಿಲ್ಲಿಸಬೇಕು. ಆಮೇಲೆ ಎಂಜಿನ್ನನ್ನು ಮಟ್ಟವಾಗಿಯೇ ಮುಂದಕ್ಕೆ ತರಬೇಕು, ಶಾಫ್ಟಿನ ತುದಿ ಪೂರ್ತಿ ಹೊರಬರುವವರೆಗೆ. ಈ ಹೊತ್ತಿನಲ್ಲಿ ಎಂಜಿನ್ ಒಂದು ಬೆರಳು ಜಾಸ್ತಿ ಎದ್ದರೂ ಎಲ್ಲ ಭಾರ ಆ ಶಾಫ್ಟಿನ ಮೇಲೆ ಕೂರುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಬಿಗಿ ಅನಿಸಿದರೆ ಎಳೆಯಬಾರದು. ಎಲ್ಲಿ ಸಿಕ್ಕಿಕೊಂಡಿದೆ ಅಂತ ಟಾರ್ಚ್ ಹಿಡಿದು ನೋಡಬೇಕು. ಹೆಚ್ಚಾಗಿ ಮರೆತುಹೋದ ಒಂದು ಅರ್ತಿಂಗ್ ವೈರೋ, ಸ್ಟಾರ್ಟರಿನ ಬೋಲ್ಟೋ ಇರುತ್ತದೆ. ನಮ್ಮ ಮೆಕ್ಯಾನಿಕ್ ಈ ಹಂತದಲ್ಲಿ ಯಾರನ್ನೂ ಮಾತಾಡಲು ಬಿಡುವುದಿಲ್ಲ. "ಸುಮ್ನಿರಿ ಭಾವ, ಕೇಳ್ಬೇಕು ನಂಗೆ" ಅನ್ನುತ್ತಾನೆ. ಕಬ್ಬಿಣದ ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತದೆ.

ಇದಕ್ಕೆ ಸರಿಯಾದ ಸಾಮಾನು ಅಂದರೆ ಕಬ್ಬಿಣದ ಮುಕ್ಕಾಲಿ (ಮೂರು ಕಾಲಿನ ಎತ್ತರದ ಚೌಕಟ್ಟು) ಮತ್ತು ಅದಕ್ಕೆ ನೇತುಹಾಕುವ ಒಂದು ಟನ್ನಿನ ಚೈನ್ ಬ್ಲಾಕ್, ಅಂದರೆ ಚೈನ್ ಎಳೆದು ಭಾರ ಎತ್ತುವ ರಾಟೆ. ಹಗ್ಗದ ರಾಟೆಯಲ್ಲಿ ಕೈ ಬಿಟ್ಟರೆ ಭಾರ ಕೆಳಗೆ. ಚೈನ್ ಬ್ಲಾಕಿನೊಳಗೆ ಬ್ರೇಕ್ ಇರುತ್ತದೆ, ಕೈ ಬಿಟ್ಟರೂ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಕೈಚೈನ್ ಎಷ್ಟೋ ಎಳೆದರೆ ಭಾರ ಏಳುವುದು ಒಂದಿಷ್ಟೇ. ಆ ನಿಧಾನವೇ ಇಲ್ಲಿ ಬೇಕಾದದ್ದು. ಮುಕ್ಕಾಲಿಯ ಮೂರು ಕಾಲುಗಳನ್ನು ಕೆಳಗೆ ಒಂದಕ್ಕೊಂದು ಚೈನಿನಿಂದ ಕಟ್ಟಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಅಗಲವಾಗಿ ಜಾರುತ್ತವೆ. ಕಾಲಡಿಗೆ ದಪ್ಪ ಹಲಗೆ ಬೇಕೇ ಬೇಕು. ಅಡಿಕೆ ಕೊಯ್ಲಿನಲ್ಲಿ ಗಾಡಿ ಬಿಡುವಿರುವುದಿಲ್ಲ, ಹಾಗಾಗಿ ಎಂಜಿನ್ ಕೆಲಸ ಅಂದರೆ ನಮಗೆ ಮಳೆಗಾಲದ ಕೆಲಸ. ನೆಲ ಮೆತ್ತಗಿರುವ ಕಾಲವೂ ಅದೇ. ಎಂಜಿನ್ ಎದ್ದ ಮೇಲೆ ಮುಕ್ಕಾಲಿಯನ್ನು ಅಲುಗಿಸಬೇಡಿ. ಅದು ನಿಂತಲ್ಲೇ ನಿಲ್ಲಲಿ, ಗಾಡಿಯನ್ನೇ ಹಿಂದಕ್ಕೆ ತಳ್ಳಿ.

ಎಂಜಿನ್ನಿನಲ್ಲಿ ಎತ್ತುವುದಕ್ಕೆ ಅಂತಲೇ ಕೊಂಡಿಗಳಿರುತ್ತವೆ. ಕೊಕ್ಕೆ ಅಲ್ಲಿಗೇ ಬೀಳಬೇಕು. ಕೈಗೆ ಸಿಕ್ಕಿತು ಅಂತ ಅಲ್ಯೂಮಿನಿಯಂ ಮ್ಯಾನಿಫೋಲ್ಡಿಗೆ ಹಗ್ಗ ಸುತ್ತಬೇಡಿ. ಎರಡು ಕೊಂಡಿಗೆ ಎರಡು ಚೈನ್ ಹಾಕುವಾಗ ಚೈನ್ ಉದ್ದ ಇರಲಿ. ಎರಡರ ನಡುವೆ 60 ಡಿಗ್ರಿ ಕೋನ ಇದ್ದರೆ ಒಂದೊಂದರ ಮೇಲೆ ಸುಮಾರು ಶೇಕಡಾ 58ರಷ್ಟು ಭಾರ. ಗಿಡ್ಡ ಚೈನ್ ಹಾಕಿ ಕೋನ 120 ಡಿಗ್ರಿ ಆಯಿತೋ, ಒಂದೊಂದರ ಮೇಲೂ ಪೂರ್ತಿ ಭಾರ. ಎರಡು ಚೈನ್ ಹಾಕಿದ್ದಕ್ಕೆ ಉಪಯೋಗವೇ ಇಲ್ಲ.

ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವಂಥದ್ದು) ಆದರೆ ಡೀಸೆಲ್ ಪೈಪು ಬಿಚ್ಚಿದ ತಕ್ಷಣ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಸಾವಿರ ಬಾರ್‌ಗೂ ಮೇಲಿನ ಒತ್ತಡದಲ್ಲಿ ಕೂದಲಿನಂಥ ತೂತಿನಿಂದ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಅಂಗಳದ ಒಂದು ಚಿಟಿಕೆ ಮಣ್ಣು ಸಾಕು.

ಮನೆಯವರಿಗೆ ಇನ್ನೊಂದು ಮಾತು. ರೇಡಿಯೇಟರಿನಿಂದ ಇಳಿಸಿದ ಬಣ್ಣದ ಕೂಲಂಟ್ ನೀರನ್ನು ಬಾಣಲೆಯಲ್ಲೋ ಬಕೆಟ್ಟಿನಲ್ಲೋ ತೆರೆದಿಡಬೇಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿ, ನಾಯಿ ನೆಕ್ಕುತ್ತದೆ, ಕರು ಬಾಯಿ ಹಾಕುತ್ತದೆ. ಕಿಡ್ನಿ ಹೋಗುತ್ತದೆ, ಉಳಿಸುವುದು ಕಷ್ಟ. ಹಳೇ ಎಂಜಿನ್ ಆಯಿಲನ್ನು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯುವುದು ನಮ್ಮಲ್ಲಿ ರೂಢಿ. ಗೂಟದ ಬುಡದಿಂದ ಮಳೆನೀರು ಹರಿದು ಹೋಗುವುದು ತೋಟಕ್ಕೇ ಅಲ್ವಾ? ಗ್ಯಾರೇಜಿನವರ ಡ್ರಮ್ಮಿಗೆ ಹಾಕಿ ಬನ್ನಿ.

ಇಳಿಸಿದ ಎಂಜಿನ್ನನ್ನು ಸೀದಾ ನೆಲಕ್ಕೆ ಕೂರಿಸಿದರೆ ಕೆಳಗಿನ ಆಯಿಲ್ ಸಂಪ್ ಜಜ್ಜಿ ಹೋಗುತ್ತದೆ, ಅದು ಹೆಚ್ಚಾಗಿ ಬರೀ ತಗಡು. ಎರಡು ಹಳೇ ಟೈರು ಹಾಕಿ ಅದರ ಮೇಲೆ ಇಳಿಸಿ, ಪಕ್ಕಕ್ಕೆ ವಾಲದ ಹಾಗೆ ಮರದ ತುಂಡು ಕೊಡಿ. ಕೊಕ್ಕೆಯನ್ನು ಆಮೇಲೆ ತೆಗೆಯಿರಿ. ನೇತಾಡುವ ಎಂಜಿನ್ ಕೆಳಗೆ ಯಾರ ಕೈಯೂ ಹೋಗಕೂಡದು, ಬಿದ್ದ ಸ್ಪ್ಯಾನರ್ ಹೆಕ್ಕಲಿಕ್ಕೂ.

ಇಷ್ಟೆಲ್ಲ ಹೇಳಿದರೆ "ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿರುವ ಸಾಮಾನಿಗೆ ಯಾರು ದುಡ್ಡು ಹಾಕ್ತಾರೆ?" ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದೊಂದು ಮನೆಯವರೂ ಕೊಳ್ಳಬೇಕಾಗಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರು, ಟಿಲ್ಲರು ಬಾಡಿಗೆಗೆ ಕೊಡುತ್ತಾರೆ. ಅವುಗಳ ಪಕ್ಕದಲ್ಲಿ ಒಂದು ಮುಕ್ಕಾಲಿ, ಒಂದು ಚೈನ್ ಬ್ಲಾಕ್, ಚೈನ್ ಜೋಡಿಸುವ ನಾಲ್ಕು ಒಳ್ಳೆಯ ಶಾಕಲ್ ಕೊಂಡಿ ಇಟ್ಟರೆ ಏನು ಕಷ್ಟ? ಪಂಪ್‌ಸೆಟ್ ಎತ್ತಲಿಕ್ಕೂ ಆಗುತ್ತದೆ, ಟಿಲ್ಲರ್ ಎಂಜಿನ್ನಿಗೂ ಆಗುತ್ತದೆ. ನಮ್ಮ ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರಿನಲ್ಲಿದೆ. ನಾನು ಅಲ್ಲಿ ಇದನ್ನು ಕೇಳುವವನಿದ್ದೇನೆ. ನಿಮ್ಮೂರಿನ ಸಭೆಯಲ್ಲಿ ನೀವೂ ಕೇಳಿ ನೋಡಿ. ಬಾಡಿಗೆಗೆ ಕೊಡುವ ಮೊದಲು ಪ್ರತಿ ಸಲ ಕೊಕ್ಕೆ ಅಗಲಿದೆಯಾ, ಚೈನಿನ ಕೊಂಡಿ ಸವೆದಿದೆಯಾ ಅಂತ ನೋಡುವ ಜವಾಬ್ದಾರಿ ಯಾರದ್ದು ಅಂತಲೂ ಅಲ್ಲೇ ಬರೆಸಿಕೊಳ್ಳಿ.