ನೀರೊಳಗಿದ್ದವನೂ ಸಿಲ್ಕ್ ಬೋರ್ಡಿನಲ್ಲಿದ್ದವನೂ

ಇವತ್ತು ಬೆಳಿಗ್ಗೆ, ಕ್ಲಾಸಿನಲ್ಲೇ ಇಲ್ಲದ ಹುಡುಗನೊಬ್ಬನನ್ನು ಇಡೀ ಕ್ಲಾಸಿನ ಮುಂದೆ ಹೊಗಳಿ ಬಂದಿದ್ದೇನೆ. ಮೈಯುರಿ ಇನ್ನೂ ಇಳಿದಿಲ್ಲ.

ತಪ್ಪು ಅಧ್ಯಾಪಕರಿಗೆಂದು ನಡೆಸಿದ ಆ ಕಾರ್ಯಾಗಾರದ್ದು. ನೀವು ಪಾಠ ಓದುತ್ತಿರಿ, ಮಕ್ಕಳು ಅನ್ನಿಸಿದ್ದನ್ನು ಆಗಿಂದಾಗಲೇ ಫೋನಿನ ಚಾಟ್‌ನಲ್ಲಿ ಹಾಕಲಿ, ಬಾಯಿ ಬಿಡದವರೂ ಮಾತಾಡುತ್ತಾರೆ ಅಂದರು. ಇದಕ್ಕೆ ಬ್ಯಾಕ್‌ಚಾನೆಲ್ ಅಂತ ಹೆಸರಂತೆ. ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು, ನಂಬಿಬಿಟ್ಟೆ.

ಒಂಬತ್ತರ ಕ್ಲಾಸು, ಬಿ.ಕಾಂ., ರನ್ನನ ಗದಾಯುದ್ಧ. ಕವಿ ಹುಟ್ಟಿದ್ದು 949ರಲ್ಲಿ, ಮುಧೋಳದ ಬಳೆಗಾರರ ಮನೆಯಲ್ಲಿ ಅಂತ ಪೀಠಿಕೆ ಹಾಕಿದೆ. 'ಫ್ಯಾನ್ಸಿ ಸ್ಟೋರಾ ಮ್ಯಾಮ್?' ಅಂತ ಬಂತು. ಆಮೇಲೆ ಹದಿನಾಲ್ಕು ಹೆಬ್ಬೆಟ್ಟು, ಎರಡು ಗುಡ್ ಮಾರ್ನಿಂಗ್, 'ಇದು ಎಷ್ಟು ಮಾರ್ಕ್ಸಿಗೆ?' ಒಬ್ಬರದೂ ಸ್ವಂತ ಹೆಸರಿಲ್ಲ.

ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮನ ಗರ್ಜನೆ. 'ನೀರೊಳಗಿರ್ದುಂ ಬೆಮರ್ತನುರಗಪತಾಕಂ' ಅಂತ ಗಂಟಲು ಹರಿಯುವಂತೆ ಓದಿದೆ. ನೀರಿನೊಳಗೆ ಇದ್ದರೂ ಬೆವರಿದನಂತೆ! ಫೋನು ಗುರ್ ಅಂದಿತು. 'ಈಸಲಕಪ್‌ನಮ್ದೇ' ಎಂಬ ಮಹಾಶಯ (2025ರಲ್ಲಿ ಕಪ್ ಬಂದಮೇಲೂ ಹೆಸರು ಬದಲಿಸಿಲ್ಲ) ಕೇಳಿದ್ದ: 'ನೀರಲ್ಲಿ ಬೆವರಿದ್ರೆ ಅದು ಬೆವರು ಅಂತ ಅವನಿಗೆ ಹೆಂಗೆ ಗೊತ್ತಾಯ್ತು ಮ್ಯಾಮ್?'

ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಕಣ್ಣು ತುಂಬಿ ಬಂತು. ಓದುವುದೆಂದರೆ ಇದು, ನೋಡಿ ಕಲೀರಿ ಅಂತ ಉಳಿದವರನ್ನೆಲ್ಲ ಉಗಿದೆ. 'ಯಾರಪ್ಪಾ ಅದು, ಎದ್ದು ನಿಲ್ಲು' ಅಂದೆ. ಯಾರೂ ಏಳಲಿಲ್ಲ. 'ನಾಚ್ಕೋಬೇಡ ಕಂದಾ.' ಕೊನೇ ಬೆಂಚಿನಲ್ಲಿ ಕಿಸಕ್ಕೆಂದರು. ನಾನು ಬೆಂಚುಗಳ ನಡುವೆ ಓಡಾಡಿ, ಒಬ್ಬೊಬ್ಬರ ಮುಖ ನೋಡಿ, ಸಂಕೋಚದ ಸ್ವಭಾವದವನೇ ಇರಬೇಕು ಎಂದು ಏನೂ ಅರಿಯದ ಬಡಪಾಯಿಯೊಬ್ಬನ ಬೆನ್ನು ತಟ್ಟಿಯೂ ಆಯಿತು. ಆಗ ಫೋನು ಮತ್ತೆ ಗುರ್ ಅಂದಿತು.

'ಮ್ಯಾಮ್ ನಾನು ಸಿಲ್ಕ್ ಬೋರ್ಡಲ್ಲಿದೀನಿ. ಬಸ್ಸು ಅರ್ಧ ಗಂಟೆಯಿಂದ ಅಲ್ಲಾಡ್ತಿಲ್ಲ. ಚಾಟಲ್ಲಿ ಬೆವರು ಅಂತ ಬಂತಲ್ಲ, ಅದಕ್ಕೇ ಕೇಳ್ದೆ.'

ಬ್ಯಾಕ್‌ಚಾನೆಲ್ ಎಂಬ ಮಾತು ಹುಟ್ಟಿದ್ದು ಚಾಟ್‌ನಿಂದಲ್ಲ. ಒಬ್ಬರು ಮಾತಾಡುವಾಗ ಕೇಳುವವರು ನಡುನಡುವೆ ಹಾಕುವ ಹ್ಞಾಂ ಹ್ಞೂಂಗಳಿಗೆ ವಿಕ್ಟರ್ ಇಂಗ್ವೆ ಎಂಬ ಭಾಷಾವಿಜ್ಞಾನಿ 1970ರಲ್ಲಿ ಇಟ್ಟ ಹೆಸರು. ನಮ್ಮಜ್ಜಿಗೆ ಇಂಗ್ವೆ ಗೊತ್ತಿರಲಿಲ್ಲ. ಕತೆ ಹೇಳುವಾಗ ಹೂಂಗುಟ್ಟುವುದು ನಿಲ್ಲಿಸಿದರೆ ರಾಕ್ಷಸನನ್ನು ಏಳು ಸಮುದ್ರದಾಚೆ ಹಾಗೇ ಬಿಟ್ಟು ಮಗ್ಗುಲು ತಿರುಗಿಸಿ ಮಲಗುತ್ತಿದ್ದಳು. ಕತ್ತಲಲ್ಲಿ ಆರು ಮೊಮ್ಮಕ್ಕಳು ಒಟ್ಟಿಗೇ 'ಹ್ಞೂಂ ಅಜ್ಜೀ, ಹ್ಞೂಂ' ಅನ್ನುತ್ತಿದ್ದೆವು. ಯಾರ ಹ್ಞೂಂ ನಿದ್ದೆಗೆ ಜಾರುತ್ತಿದೆ ಎಂದು ಅವಳಿಗೆ ದನಿಯಲ್ಲೇ ತಿಳಿಯುತ್ತಿತ್ತು.

ಬೆಲ್ ಹೊಡೆಯಲು ಎರಡು ನಿಮಿಷವಿದೆ ಅನ್ನುವಾಗ ಮಹಾಶಯ ಬಾಗಿಲಲ್ಲಿ ಪ್ರತ್ಯಕ್ಷನಾದ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸಿಟ್ಟು ನುಂಗಿಕೊಂಡು, 'ಬಾಪ್ಪಾ, ಆ ಪ್ರಶ್ನೆಯನ್ನ ಎಲ್ಲರಿಗೂ ಕೇಳೋ ಹಾಗೆ ಒಂದ್ಸಲ ಬಾಯಲ್ಲಿ ಹೇಳು' ಅಂದೆ.

ಅವನು ನೆಲ ನೋಡಿದ, ಫ್ಯಾನ್ ನೋಡಿದ, ಜೇಬು ತಡವಿದ.

'ಟೈಪ್ ಮಾಡ್ಲಾ ಮ್ಯಾಮ್?'